ಒಂಬತ್ತು ಗಂಟೆಯ ದಾರಿ, ಮೂರು ದಿನದ ಅಣ್ಣ

ಜನವರಿ ೧೨

ಅಖಂಡ ಲಿಫ್ಟುಲೋಕದ ಸಾರ್ವಭೌಮ, ನಲವತ್ತು ಮಹಡಿಗಳ ಗರ್ವಭಂಜಕ, ಉಕ್ಕಿನ ಹಗ್ಗದಲ್ಲಿ ಉಯ್ಯಾಲೆಯಾಡುವ ವೀರಾಧಿವೀರ, ಕೊಟ್ಟ ಮಾತನ್ನು ಕೊಟ್ಟಷ್ಟೇ ಬೇಗ ವಾಪಸು ಪಡೆಯುವ ಕುಲತಿಲಕ, ನನ್ನ ಏಕಮಾತ್ರ ಅಣ್ಣನವರ ದಿವ್ಯ ಪಾದಗಳಿಗೆ, ಸಾಕ್ಸ್ ವಾಸನೆಯ ಕಾರಣ ಸ್ವಲ್ಪ ದೂರದಿಂದಲೇ, ತಂಗಿಯ ಅನಂತಾನಂತ ನಮಸ್ಕಾರಗಳು.

ಮರ್ಯಾದೆ ಇಲ್ಲಿಗೆ ಮುಗಿಯಿತು.

ಕೇಳು. ನನಗೆ ಕೆಲಸ ಸಿಕ್ಕಿದೆ. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯ ಮಹಡಿ ಮೇಲೆ, ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸು. ಗಾಜಿನ ಕೌಂಟರಿನ ಹಿಂದೆ ಎರಡು ತಿರುಗುವ ಕುರ್ಚಿ. ಒಂದರಲ್ಲಿ ಅರ್ಧ ಆಯುಷ್ಯ ಜನರನ್ನು ಆಕಾಶಕ್ಕೆ ಕಳಿಸಿ ಸುಸ್ತಾದ ಮೇಡಂ, ಇನ್ನೊಂದರಲ್ಲಿ ನಾನು. ಮೊದಲ ದಿನ ಮೇಡಂ, “ಕಲಿಯೋಕೆ ಯಾವುದಾದ್ರೂ ಎರಡು ಊರು ಹಾಕಿ ನೋಡಮ್ಮ” ಅಂದರು. ನಾನು ಒಂದು ಕಡೆ ನಮ್ಮೂರು, ಇನ್ನೊಂದು ಕಡೆ ನಿನ್ನೂರು ಹಾಕಿದೆ.

ಏಳು ಸಾವಿರದ ನೂರು ಕಿಲೋಮೀಟರು. ನೇರ ವಿಮಾನ. ಒಂಬತ್ತು ಗಂಟೆ.

“ಮೂರು ದಿನ ಆಗ್ಬೇಕಲ್ಲ ಮೇಡಂ?” ಅಂದೆ.

“ಯಾರು ಹೇಳಿದ್ದು?”

“ನಮ್ಮಣ್ಣ.”

ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. “ನಿಮ್ಮಣ್ಣ ನಡ್ಕೊಂಡು ಬರ್ತಾರಾ?”

ಅಣ್ಣಾ, ಆ ಕ್ಷಣ ನನಗೆ ಆದ ಅವಮಾನವನ್ನು ಗಾಜಿನ ಸೀಸೆಯಲ್ಲಿ ತುಂಬಿ ಮುಚ್ಚಳ ಹಾಕಿ ಇಟ್ಟುಕೊಂಡಿದ್ದೇನೆ. ನೀನು ಬಂದ ದಿನ ನಿನ್ನ ತಲೆಯ ಮೇಲೆ ಸುರಿಯಲಿಕ್ಕೆ.

ಈಗ ಆರೋಪಗಳನ್ನು ಓದುತ್ತೇನೆ. ಎದ್ದು ನಿಲ್ಲು.

ಕಳೆದ ಜೂನ್‌ನಲ್ಲಿ, ಅಪ್ಪ ಹೋದ ಮೇಲೆ ಊರಿನ ಅರ್ಧ ಮಕ್ಕಳಿಗೆ ಸ್ಕೂಲ್ ಯೂನಿಫಾರ್ಮ್ ಹೊಲಿದು ನಮ್ಮಿಬ್ಬರನ್ನೂ ಸಾಕಿದ ನಮ್ಮಮ್ಮ, ಐವತ್ಮೂರನೇ ವಯಸ್ಸಿನಲ್ಲಿ, ಮೂಲೆಯ ಔಷಧಿ ಅಂಗಡಿಯವರನ್ನು ಮದುವೆಯಾದಳು. ನೀನು “ಬಂದೇ ಬರ್ತೀನಿ” ಎಂದಿದ್ದೆ. ನೋಂದಣಿ ಕಚೇರಿಯಲ್ಲಿ ಅಧಿಕಾರಿ, “ಇನ್ನು ಯಾರಾದ್ರೂ ಬರೋರಿದ್ದಾರಾ?” ಎಂದು ಕೇಳಿದರು. ಅಮ್ಮ, “ನನ್ನ ಮಗ. ದಾರೀಲಿದ್ದಾನೆ” ಎಂದಳು. ಅಧಿಕಾರಿ ಊಟಕ್ಕೆ ಹೋಗಿ ಬಂದರು. ನೀನು ದಾರಿಯಲ್ಲೇ ಇದ್ದೆ. ಮಾತ್ರೆ ಮಾಮ (ಬೇರೆ ಏನೆಂದು ಕರೆಯಲಿ ಅವರನ್ನು?) ಹೊಸ ಬೂಟು ಕಚ್ಚುತ್ತಿದ್ದರೂ ಒಂದೊಂದು ಟ್ಯಾಕ್ಸಿ ನಿಂತಾಗಲೂ ಕೆಳಗಿಳಿದು ಬಗ್ಗಿ ನೋಡಿ, ಕುಂಟುತ್ತಾ ಮೆಟ್ಟಿಲು ಹತ್ತಿ ಬಂದರು. ಎರಡು ದಿನ ಕಳೆದು ನಿನ್ನ ಫೋನು: “ಮೂರು ದಿನದ ದಾರಿ, ನಾಲ್ಕು ವಿಮಾನ ಬದಲಾಯಿಸ್ಬೇಕು. ಒಂದು ತಪ್ಪಿತು, ಎಲ್ಲಾ ತಪ್ಪಿಹೋಯ್ತು.”

ಈ ವಯಸ್ಸಿನಲ್ಲಿ ಮದುವೆಯಾದ ಅಮ್ಮನ ಬಗ್ಗೆ ನಿನಗೆ ನಾಚಿಕೆ ಎಂದು ಅವಳು ನಂಬಿಬಿಟ್ಟಿದ್ದಾಳೆ. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ, ತೆಗೆಯುವ ಮುಂಚೆ ಮಾಮನ ಚಪ್ಪಲಿಗಳನ್ನು ಕಾಲಲ್ಲೇ ಬಾಗಿಲ ಹಿಂದಕ್ಕೆ ಸರಿಸುತ್ತಾಳೆ. ನಿನ್ನ ಹೆಸರೆತ್ತಿದರೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಾಳೆ, ಮಾತು ಕೇಳಿಸದ ಹಾಗೆ.

ಫೋನು ಮಾಡಬೇಡ, ಎತ್ತುವುದಿಲ್ಲ. “ಏನೇ ಕಪಿ” ಎಂದು ನೀನು ಅಂದರೆ ನನಗೆ ನಗು ಬಂದು ಕಷ್ಟಪಟ್ಟು ಕಾಪಾಡಿಕೊಂಡ ಸಿಟ್ಟು ಹಾಳಾಗುತ್ತದೆ. ಏನಿದ್ದರೂ ಕಾಗದದಲ್ಲಿ.

ಒಂಬತ್ತು ಗಂಟೆಯನ್ನು ಮೂರು ದಿನ ಎಂದವನಿಗೆ ತಕ್ಕ ಶಿಕ್ಷೆಯನ್ನು ಆಲೋಚಿಸುತ್ತಿರುವ,
ನಿನ್ನ ಕಪಿ

*

ಜನವರಿ ೨೯

ಪುಟ್ಟಿ,

ಕಾಗದ ಬಂತು. ಕೆಲಸ ಸಿಕ್ಕಿದ್ದು ಸಂತೋಷ. ತಿರುಗುವ ಕುರ್ಚಿ ಮೇಲೆ ಗಿರಗಿರ ಸುತ್ತಬೇಡ, ಮೇಡಂ ಓಡಿಸ್ತಾರೆ.

ಇಲ್ಲಿ ಚಳಿ ಜಾಸ್ತಿ. ಆಸ್ಪತ್ರೆಯೊಂದರ ಲಿಫ್ಟು ಪದೇಪದೇ ಏಳನೇ ಮಹಡಿಯಲ್ಲಿ ನಿಲ್ಲುತ್ತಿತ್ತು, ಅದನ್ನು ಸರಿಮಾಡುವುದರಲ್ಲೇ ವಾರ ಹೋಯಿತು. ಬಾಗಿಲಿನ ಸಂದಿಯಲ್ಲಿ ಯಾರೋ ಮಗುವಿನ ಗುಂಡಿ ಸಿಕ್ಕಿಹಾಕಿಕೊಂಡಿತ್ತು.

ಅಮ್ಮ ಹಾಗೆ ಅಂದುಕೊಂಡಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೆ ಅಂತ. ನಿನ್ನ ಕಾಗದದ ಆ ಸಾಲನ್ನು ತುಂಬ ಸಲ ಓದಿದೆ.

ಮಾರ್ಚ್ ಮಧ್ಯದಲ್ಲಿ ಹದಿನೈದು ದಿನ ರಜೆ ಸಿಗುತ್ತೆ. ಬರ್ತೀನಿ. ಟಿಕೆಟ್ಟು ನೀನೇ ಮಾಡಿಸು. ಅಮ್ಮನಿಗೆ ಈಗಲೇ ಹೇಳಬೇಡ. ಮತ್ತೆ ಬಾಗಿಲು ನೋಡಿಕೊಂಡು ಕೂರೋದು ಬೇಡ ಅವಳು.

ಅಣ್ಣ

*

ಫೆಬ್ರವರಿ ೧೧

ಒಂಬತ್ತು ಗಂಟೆಯ ಬಗ್ಗೆ ಒಂದಕ್ಷರವನ್ನೂ ಬರೆಯದ ಮೌನಸಮ್ರಾಟರ ಸನ್ನಿಧಾನಕ್ಕೆ,

ಟಿಕೆಟ್ಟು ಇದರೊಳಗಿದೆ. ಎರಡೂ ಕೈ ತೊಳೆದು ಬಿಡಿಸು.

ವಿಷಾದದಿಂದ ತಿಳಿಸುವುದೇನೆಂದರೆ, ನೇರ ವಿಮಾನದಲ್ಲಿ ಒಂದು ಸೀಟೂ ಉಳಿದಿಲ್ಲ. ರೆಕ್ಕೆಯ ಮೇಲಾದರೂ ಕೊಡಿ ಎಂದು ಗೋಗರೆದೆ, ಅಲ್ಲೂ ಭರ್ತಿಯಂತೆ. ಹಾಗಾಗಿ, ನೀನೇ ಬಲ್ಲಂತೆ, ನಿನಗೆ ಅತ್ಯಂತ ಪರಿಚಿತವಾದ ದಾರಿಯಲ್ಲೇ ಕರೆಸಿಕೊಳ್ಳುತ್ತಿದ್ದೇನೆ. ನಾಲ್ಕು ವಿಮಾನ. ಮೂರು ದಿನ.

ಮೊದಲನೆಯದು ನಿನ್ನನ್ನು ನಮ್ಮೂರಿನ ತದ್ವಿರುದ್ಧ ದಿಕ್ಕಿಗೆ ಒಯ್ಯುತ್ತದೆ. ಗಾಬರಿಯಾಗಬೇಡ, ಓಡಿ ಬಂದು ನೆಗೆಯುವವರು ಮೊದಲು ಹಿಂದೆ ಹೋಗುತ್ತಾರಲ್ಲ, ಹಾಗೆ. ಅಲ್ಲಿ ಒಂದು ರಾತ್ರಿ ಬೆಂಚಿನ ಮೇಲೆ. ಎರಡನೆಯದು ಎಲ್ಲಕ್ಕಿಂತ ಉದ್ದ, ನನ್ನ ಮುದ್ದಿನದು. ಅದು ಸರಿಯಾಗಿ ನಮ್ಮ ಊರಿನ ನೆತ್ತಿಯ ಮೇಲೆ ಹಾರಿ, ಇಳಿಯದೆ, ಮುಂದಕ್ಕೆ ಹೋಗಿಬಿಡುತ್ತದೆ. ಕೆಳಗೆ ನೋಡಿ ಕೈಬೀಸು. ಅಲ್ಲಿ ಇನ್ನೊಂದು ಬೆಂಚು. ಮೂರನೆಯದು ನಮ್ಮ ಪಕ್ಕದೂರಿಗೆ, ಮತ್ತೊಂದು ಬೆಂಚು. ನಾಲ್ಕನೆಯದು ಮನೆಗೆ. ಎಲ್ಲದರಲ್ಲೂ ನಡುವಿನ ಸೀಟು. ಶೌಚಾಲಯದ ಪಕ್ಕ, ಅನುಕೂಲಕ್ಕೆ. ಹಿರಿಯಣ್ಣನ ಸ್ಥಾನಮಾನಕ್ಕೆ ತಕ್ಕ ಇನ್ನೂ ಕೆಲವು ಸೌಲಭ್ಯಗಳನ್ನು ಬರೆಸಿದ್ದೇನೆ. ಅವು ತಾವಾಗಿಯೇ ನಿನ್ನೆದುರು ಬಂದು ನಿಲ್ಲುತ್ತವೆ.

ನಾನು ಈ ದಾರಿಯನ್ನು ಕಟ್ಟುವಾಗ ಮೇಡಂ ಹಿಂದೆ ಬಂದು ನಿಂತಿದ್ದರು. “ಯಾರಿಗಮ್ಮ ಇದು? ಟಿಕೆಟ್ಟಾ, ಶಿಕ್ಷೇನಾ?”

“ನಮ್ಮಣ್ಣನಿಗೆ ಮೇಡಂ. ಅವನಿಗೆ ದೂರದ ದಾರಿ ಅಂದ್ರೆ ಪ್ರಾಣ.”

“ನನಗೊಬ್ಳು ತಂಗಿ ಇದ್ದಾಳೆ. ಇವತ್ತೇ ಅವಳಿಗೆ ಫೋನ್ ಮಾಡಿ ಚೆನ್ನಾಗಿ ಮಾತಾಡ್ತೀನಿ,” ಎಂದು ಹೋದರು.

ನೋಡು, ನಾನು ನಿನ್ನನ್ನು ಸುಳ್ಳುಗಾರನನ್ನಾಗಿ ಉಳಿಸಲಿಲ್ಲ. ನಿನ್ನ ಮಾತನ್ನು ನಿಜ ಮಾಡಿಕೊಟ್ಟಿದ್ದೇನೆ. ಇಂಥ ತಂಗಿ ಎಷ್ಟು ಜನಕ್ಕೆ ಇದ್ದಾಳೆ?

ನ್ಯಾಯದೇವತೆಯ ಚಿಕ್ಕ ಕಚೇರಿಯಿಂದ,
ಕಪಿ

*

ಫೆಬ್ರವರಿ ೨೪

ಪುಟ್ಟಿ,

ಟಿಕೆಟ್ ಬಂತು. ಚೆನ್ನಾಗಿದೆ.

ಅಣ್ಣ

*

ಮಾರ್ಚ್ ೮

ಅಣ್ಣಾ,

ಚೆನ್ನಾಗಿದೆ? ಏನು ಚೆನ್ನಾಗಿದೆ?

ನಾನು ಎರಡು ವಾರದಿಂದ ನಿನ್ನ ಬೈಗುಳದ ದಾರಿ ಕಾಯುತ್ತಿದ್ದೆ. “ಲೇ ಕಪಿ, ನಿನ್ನ ಬೆನ್ನ ಮೇಲೆ ಎರಡು ಬಿಡ್ತೀನಿ” ಎಂದು ಬರುತ್ತದೆ, ಅದಕ್ಕೆ ಉತ್ತರವಾಗಿ ಹೀಗೆ ಬರೆಯಬೇಕು ಎಂದು ಮೂರು ಪುಟ ಸಿದ್ಧಮಾಡಿ ಇಟ್ಟಿದ್ದೆ. ಎಲ್ಲಾ ನೀರಿಗೆ ಹೋಯಿತು. ಟಿಕೆಟ್ಟನ್ನು ಬಿಡಿಸಿ ಓದಿದೆಯೋ, ಇಲ್ಲ ಕವರಿನ ಮೇಲೇ ಕಣ್ಣಾಡಿಸಿ ಚೆನ್ನಾಗಿದೆ ಎಂದೆಯೋ? ಓದಿಯೂ ಅರ್ಥವಾಗದಿದ್ದರೆ ನಿನ್ನ ಕೈಗೆ ಲಿಫ್ಟು ಕೊಟ್ಟವರಿಗೆ ದೊಡ್ಡ ನಮಸ್ಕಾರ. ಆ ಊರಿನಲ್ಲಿ ನಾನು ಮೆಟ್ಟಿಲು ಹತ್ತುತ್ತೇನೆ.

ಮಂಕಾದವನ ಮೇಲೆ ಸೇಡು ತೀರಿಸಿಕೊಳ್ಳುವುದರಲ್ಲಿ ಮಜಾ ಇಲ್ಲ. ಸ್ವಲ್ಪ ಒದ್ದಾಡು.

ಕಪಿ

*

ಮಾರ್ಚ್ ೧೬
ಮೊದಲನೇ ಬೆಂಚಿನಿಂದ

ಲೇ ಕಪಿ,

ನಿನ್ನ ಸೌಲಭ್ಯ ಬಂದು ನಿಂತಿತು.

ವಿಮಾನದ ಬಾಗಿಲಲ್ಲೇ ಒಬ್ಬ ಹುಡುಗ ತಳ್ಳುವ ಕುರ್ಚಿ ಹಿಡಿದು, ನನ್ನ ಹೆಸರಿನ ಬೋರ್ಡು ಎತ್ತಿ ನಿಂತಿದ್ದ. ನಾನು ಹತ್ತಿರ ಹೋದೆ. ಅವನು ನನ್ನ ಭುಜದ ಮೇಲಿಂದ ಹಿಂದೆ ನೋಡಿ, “ತಾತ ಎಲ್ಲಿ ಸಾರ್?” ಅಂದ.

“ನಾನೇ ತಾತ.”

ಅವನು ಚೀಟಿ ನೋಡಿದ. ಎಂಬತ್ತೆರಡು ವರ್ಷ, ಎರಡೂ ಕಿವಿ ಕೇಳಿಸುವುದಿಲ್ಲ, ಮರೆವು ಉಂಟು, ತಾನು ಚಿಕ್ಕವನು ಎಂದು ವಾದಿಸಿದರೆ ಸಮಾಧಾನದಿಂದ ವರ್ತಿಸಿ. ಹೀಗಂತ ಬರೆಸಿದ್ದೀಯ. ಆಮೇಲೆ ಅವನು ನನ್ನ ಕಿವಿಗೆ ಬಾಯಿಟ್ಟು, ಇಡೀ ನಿಲ್ದಾಣಕ್ಕೆ ಕೇಳಿಸುವ ಹಾಗೆ, “ಆಯ್ತು ತಾತ! ನೀವು ಚಿಕ್ಕವರೇ! ಬನ್ನಿ ಕೂತ್ಕೊಳ್ಳಿ!” ಅಂತ ಕೂಗಿದ.

ನಾನು ಕೂರಲಿಲ್ಲ. ಅವನು ಖಾಲಿ ಕುರ್ಚಿ ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದು ಬಂದ. ಜನ ಎಲ್ಲ ನೋಡುತ್ತಿದ್ದರು. ಊಟಕ್ಕೆ ಕೊಟ್ಟದ್ದು ಉಪ್ಪು ಖಾರ ಇಲ್ಲದ, ಹಲ್ಲಿಲ್ಲದವರ ಗಂಜಿ.

ಇಲ್ಲೇ ಅಂಚೆ ಡಬ್ಬಿ ಇದೆ. ಎದುರಿಗೆ ಹೇಳಲು ಬಾಯಿ ಬರದ ಕೆಲವು ವಿಷಯ ಇವೆ, ದಾರಿಯಲ್ಲಿ ಬರೆದು ಹಾಕುತ್ತಾ ಬರ್ತೀನಿ. ಇವು ನನಗಿಂತ ನಿಧಾನವಾಗಿ ಬರುತ್ತವೆ. ಬರಲಿ.

ಅಣ್ಣ

*

ಮಾರ್ಚ್ ೧೮
ಎರಡನೇ ಬೆಂಚಿನಿಂದ

ಪುಟ್ಟಿ,

ಎರಡು ಸಲ ಬರೆದು ಹರಿದುಹಾಕಿದೆ. ಇದು ಮೂರನೇದು, ಅಕ್ಷರ ಸಹಿಸಿಕೋ.

ನನಗೆ ವಿಮಾನ ಅಂದರೆ ಭಯ. ಹೇಳಿಬಿಟ್ಟೆ. ನಗು.

ನಾನು ಕೆಲಸದ ಊರಿಗೆ ಹೋದದ್ದು ಹಡಗಿನಲ್ಲಿ ಅಂತ ನಿಮಗೆಲ್ಲ ಗೊತ್ತು. ಹಡಗಿನ ಲಿಫ್ಟು ಜೋಡಿಸುವ ಕೆಲಸ ಇತ್ತು, ಅದಕ್ಕೇ ಹಡಗು ಹತ್ತಿದ ಅಂದುಕೊಂಡಿರಿ. ವಿಮಾನದ ಟಿಕೆಟ್ ಕೊಡ್ತೀವಿ ಅಂದ ಕೆಲಸಗಳೂ ಇದ್ದವು. ನಾನೇ ಹಡಗಿನದು ಆರಿಸಿಕೊಂಡೆ.

ನಲವತ್ತನೇ ಮಹಡಿಯಲ್ಲಿ ಕತ್ತಲ ಗೂಡಿನೊಳಗೆ ನೇತಾಡೋನಿಗೆ ಏನು ಭಯ ಅಂತೀಯ. ಅಲ್ಲಿ ಹಗ್ಗ ನಾನೇ ಮುಟ್ಟಿ ನೋಡಿರ್ತೀನಿ. ಬ್ರೇಕು ನಾನೇ ಬಿಗಿಸಿರ್ತೀನಿ. ಕೆಳಗೆ ಸ್ಪ್ರಿಂಗು ಇರುತ್ತೆ. ಇಲ್ಲಿ ಹಗ್ಗವೇ ಇಲ್ಲವಲ್ಲೇ! ಮೇಲೇರುವಾಗ ನನ್ನ ಕಣ್ಣು ತಾನಾಗಿಯೇ ಹಗ್ಗ ಹುಡುಕುತ್ತೆ. ಗಗನಸಖಿಯನ್ನು ಕರೆದು, “ಇದು ಯಾವುದಕ್ಕೆ ನೇತುಬಿದ್ದಿದೆ ಅಮ್ಮ?” ಅಂತ ಕೇಳಿಬಿಟ್ಟೆ. ಆಕೆ ಚೀಟಿ ನೋಡಿ, ನನ್ನ ಹೊದಿಕೆ ಸರಿಮಾಡಿ, “ಎಲ್ಲಾ ಸರಿ ಇದೆ ತಾತ” ಎಂದು ಕೆನ್ನೆ ತಟ್ಟಿ ಹೋದಳು.

ನಮ್ಮೂರ ಮೇಲೆ ಹಾರುತ್ತಿದ್ದೇವೆ ಅಂತ ಪೈಲಟ್ ಹೇಳಿದ. ಕಿಟಕಿಯವನು ಬಗ್ಗಿ ನೋಡಿ ದೀಪ ಕಾಣ್ತಿದೆ ಅಂದ. ನಾನು ಕಣ್ಣು ಬಿಡಲಿಲ್ಲ. ಕೆಳಗೆ ಅಮ್ಮ ಇದ್ದಾಳೆ, ಮೇಲೆ ನಾನು ಇದ್ದೀನಿ, ನಡುವೆ ಏನೂ ಇಲ್ಲ ಅನ್ನೋದೇ ತಲೆಯಲ್ಲಿ. ಕೈಬೀಸು ಅಂದಿದ್ದೆ ನೀನು. ಕುರ್ಚಿಯ ಹಿಡಿ ಬಿಟ್ಟಿದ್ದರೆ ತಾನೇ ಬೀಸೋದು.

ಇಳಿದಾಗ ಕಾಲು ನನ್ನ ಮಾತು ಕೇಳಲಿಲ್ಲ. ತಳ್ಳುವ ಕುರ್ಚಿ ನಿಂತಿತ್ತು. ಸುಮ್ಮನೆ ಕೂತೆ. ತಳ್ಳಿದವನು ವಯಸ್ಸಾದ ಮನುಷ್ಯ, ನನ್ನನ್ನು ತಾತ ಅನ್ನಲಿಲ್ಲ, ಏನೂ ಕೇಳಲಿಲ್ಲ. ನಿನ್ನ ಕೀಟಲೆಗಳಲ್ಲಿ ಇದೊಂದು ಉಪಕಾರಕ್ಕೆ ಬಂತು.

ಅಣ್ಣ

*

ಮಾರ್ಚ್ ೧೯, ಬೆಳಿಗ್ಗೆ
ಕೊನೆಯ ಬೆಂಚಿನಿಂದ

ಪುಟ್ಟಿ,

ಇನ್ನೊಂದೇ ವಿಮಾನ. ಉಳಿದದ್ದನ್ನೂ ಬರೆದುಬಿಡ್ತೀನಿ.

ಮದುವೆಗೆ ನಾನು ಹೊರಟಿದ್ದೆ. ನೇರ ವಿಮಾನದಲ್ಲೇ. ಹೊಸ ಅಂಗಿ ಹಾಕಿಕೊಂಡಿದ್ದೆ. ಹತ್ತಿದೆ, ಸೀಟಿನಲ್ಲಿ ಕೂತೆ, ಪಟ್ಟಿ ಕಟ್ಟಿದೆ. ಬಾಗಿಲು ಮುಚ್ಚಿತು. ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟರೆ ಮತ್ತೆ ತೆರೆದುಕೊಳ್ಳುತ್ತೆ. ಇದು ಹಾಗಲ್ಲ ಅಂತ ಹೊಳೆದದ್ದೇ ತಡ, ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ ನನಗೂ ಗೊತ್ತಿಲ್ಲ. ಬಾಗಿಲು ತೆಗೆಸಿ ನನ್ನನ್ನು ಇಳಿಸಿದರು. ನನ್ನಿಂದ ಎಲ್ಲರಿಗೂ ತಡವಾಯಿತು, ಶಾಪ ಹಾಕಿದರು.

ಮನೆಗೆ ಹೋಗಲಿಲ್ಲ. ನಿಲ್ದಾಣದಲ್ಲೇ ಕೂತು ಬೋರ್ಡು ನೋಡುತ್ತಿದ್ದೆ. ಒಂಬತ್ತು ಗಂಟೆಯಾದ ಮೇಲೆ ನನ್ನ ವಿಮಾನ ನಿಮ್ಮ ಹತ್ತಿರ ಇಳಿಯಿತು ಅಂತ ಬಂತು. ನಾನು ಮಾತ್ರ ಅಲ್ಲೇ ಇದ್ದೆ, ಹೊಸ ಅಂಗಿಯ ಮಡಿಕೆಯೂ ಮಾಸಿರಲಿಲ್ಲ.

ಹೆದರಿದೆ ಅಂತ ಹೇಳೋದಕ್ಕಿಂತ ಮೂರು ದಿನದ ದಾರಿ ಅನ್ನೋದು ಸುಲಭವಾಯ್ತು. ಅಮ್ಮ ಅದನ್ನು ನಾಚಿಕೆ ಅಂದುಕೊಳ್ಳುತ್ತಾಳೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಗೊತ್ತಿದ್ದರೆ ಈಜಿಕೊಂಡಾದರೂ ಬರ್ತಿದ್ದೆ.

ನಿನ್ನ ಟಿಕೆಟ್ಟು ನೋಡಿದ ಕೂಡಲೇ ಎಲ್ಲಾ ಅರ್ಥವಾಯಿತು ಕಣೇ, ಅಷ್ಟು ಮಂಕಲ್ಲ ನಿಮ್ಮಣ್ಣ. ನೇರ ವಿಮಾನದಲ್ಲಿ ಸೀಟಿತ್ತು, ನಾನೇ ವಿಚಾರಿಸಿದೆ. ಬದಲಾಯಿಸಬಹುದಿತ್ತು. ಆದರೆ ಒಂದು ಸುಳ್ಳಿಗೆ ನಾಲ್ಕು ಸಲ ಏರಿ ಇಳಿಯೋದು ಸರಿಯಾದ ಲೆಕ್ಕ ಅನ್ನಿಸಿತು. ನಿನ್ನ ಸಿಟ್ಟು ನ್ಯಾಯವಾದದ್ದು. ಅಮ್ಮನ ಪರವಾಗಿ ನೀನೊಬ್ಬಳಾದರೂ ನಿಂತೆಯಲ್ಲ, ಅದೇ ನನಗೆ ಸಮಾಧಾನ.

ಅವರು ಹೇಗೆ? ಅಮ್ಮನನ್ನು ಚೆನ್ನಾಗಿ ನೋಡ್ಕೊಳ್ತಾರಾ? ನಿನ್ನ ಕಾಗದಗಳಲ್ಲಿ ಅವರ ಬೂಟು, ಚಪ್ಪಲಿ ಬಿಟ್ಟರೆ ಬೇರೇನೂ ಇಲ್ಲ.

ಕರೀತಿದ್ದಾರೆ. ಹೊರಟೆ.

ಅಣ್ಣ

*

ಮಾರ್ಚ್ ೨೭, ಮಧ್ಯಾಹ್ನ

ಅಣ್ಣಾ,

ಎಂದಿನಂತೆ ಬಿರುದುಗಳನ್ನು ಜೋಡಿಸಲು ಕೂತೆ. ಒಂದೂ ನಿಲ್ಲಲಿಲ್ಲ, ಎಲ್ಲವನ್ನೂ ಹೊಡೆದುಹಾಕಿದೆ.

ನಿನ್ನ ಮೂರೂ ಕಾಗದಗಳು ಇವತ್ತು ಒಟ್ಟಿಗೆ ಬಂದವು. ನೀನು ಬಂದು ಎಂಟು ದಿನವಾದ ಮೇಲೆ. ಕೌಂಟರಿನ ಹಿಂದೆ ನಿಂತೇ ಓದಿದೆ. ಒಬ್ಬರು ತಮ್ಮ ಮಗಳ ಊರಿಗೆ ಎಷ್ಟು ಗಂಟೆ ಎಂದು ಕೇಳುತ್ತಿದ್ದರು, ನಾನು ಓದುತ್ತಲೇ ಇದ್ದೆ. ಮೇಡಂ ನನ್ನ ಮುಖ ನೋಡಿ, “ಮನೆಗೆ ಹೋಗಮ್ಮ, ಇವರನ್ನ ನಾನು ಕಳಿಸ್ತೀನಿ” ಎಂದರು. ಈಗ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನೀನು ಹಜಾರದಲ್ಲಿ ಬಾಯಿ ತೆರೆದು ಮಲಗಿದ್ದೀಯ. ಎಬ್ಬಿಸಿ ಹೇಳಬಹುದು. ನಿನಗೆ ಬಾರದ ಬಾಯಿ ನನಗೂ ಬರುವುದಿಲ್ಲ ಎಂದು ಇವತ್ತೇ ಗೊತ್ತಾದದ್ದು.

ಆ ದಿನ ನಿಲ್ದಾಣದಲ್ಲಿ ನಿನ್ನನ್ನು ತಳ್ಳುವ ಕುರ್ಚಿಯಲ್ಲಿ ಕಂಡಾಗ ನಾನು ಹೊಟ್ಟೆ ಹಿಡಿದು ನಕ್ಕೆ. ಫೋಟೋ ತೆಗೆದೆ, ಆರು. ಎಷ್ಟು ಚೆನ್ನಾಗಿ ನಟಿಸುತ್ತಿದ್ದಾನೆ ಎಂದುಕೊಂಡೆ. “ಪ್ರಯಾಣ ಹೇಗಿತ್ತು ತಾತ?” ಎಂದು ಕೇಳಿದೆ. “ಚೆನ್ನಾಗಿತ್ತು. ಗಂಜಿಗೆ ಸ್ವಲ್ಪ ಉಪ್ಪು ಬೇಕಿತ್ತು” ಎಂದೆ ನೀನು. ನಿನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಆ ಫೋಟೋಗಳಲ್ಲಿ ಈಗ ಅದು ಕಾಣುತ್ತಿದೆ.

ಮನೆಯಲ್ಲಿ ಅಮ್ಮ ಬಾಗಿಲು ತೆಗೆದು, ನಿನ್ನನ್ನು ಕಂಡು, ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ನೀನು ಹಿಂದೆಯೇ ಹೋಗಿ ನೆಲದ ಮೇಲೆ, ಕತ್ತರಿಸಿದ ಬಟ್ಟೆಚೂರುಗಳ ನಡುವೆ ಕೂತೆ. ಬಾಗಿಲ ಸಂದಿಯಿಂದ ನಾನು ಎಲ್ಲಾ ಕೇಳಿಸಿಕೊಂಡೆ.

“ನಾಚಿಕೆ ಆಗಿತ್ತೇನೋ ನಿಂಗೆ, ನನ್ನಿಂದ?”

“ನಿನ್ನಿಂದಾನಾ? ಇಲ್ಲಮ್ಮ. ನನ್ನಿಂದ.”

“ನಿಂಗೇನಾಗಿತ್ತು?”

“ಭಯ ಆಗಿತ್ತಮ್ಮ. ವಿಮಾನದ್ದು.”

ಅಮ್ಮ ಮೊಳಕೋಲಿನಿಂದ ನಿನ್ನ ಬೆನ್ನಿಗೆ ಒಂದು ಬಾರಿಸಿದಳು. “ಅಷ್ಟೇನಾ? ಅಷ್ಟನ್ನ ಹೇಳೋಕೆ ಒಂಬತ್ತು ತಿಂಗಳಾ?” ಆಮೇಲೆ ಅಳು. ನೀನು ನೆಪ ಹೇಳುತ್ತಿದ್ದೀಯ, ಎಂಥ ಚಾಲಾಕಿ ಎಂದೇ ನಾನು ಅಂದುಕೊಂಡಿದ್ದೆ. ನಾಲ್ಕು ವಿಮಾನ ಹತ್ತಿ ಬಂದವನಿಗೆ ಭಯವೇ? ಇವತ್ತಿನ ಕಾಗದಗಳನ್ನು ಓದುವವರೆಗೂ ನಾನು ನಂಬಿರಲಿಲ್ಲ. ಮಾತ್ರೆ ಮಾಮ ಮಾತ್ರ ಅಂದೇ ನಂಬಿದರು. “ವಾಪಸ್ ಹೋಗುವಾಗ ಹತ್ತೋಕೆ ಅರ್ಧ ಗಂಟೆ ಮುಂಚೆ ಒಂದು ತಗೊಳ್ಳಪ್ಪ, ಕೆಳಗಿದ್ದೀನೋ ಮೇಲಿದ್ದೀನೋ ಅನ್ನೋದೇ ಗೊತ್ತಾಗಲ್ಲ” ಎಂದು ಪೊಟ್ಟಣ ಕೊಟ್ಟರು. ಮರುದಿನದಿಂದ ನೀವಿಬ್ಬರೂ ಇಸ್ಪೀಟಾಡುತ್ತಾ ಕೂತಿದ್ದೀರಿ, ಹುಟ್ಟಾ ಗೆಳೆಯರ ಹಾಗೆ. ಅವರು ಮೋಸ ಮಾಡುತ್ತಾರೆ, ಎಚ್ಚರ. ನಿನ್ನೆ ಬಾಗಿಲು ತಟ್ಟಿದ ಹೊಸ ಬಾಡಿಗೆಯವರಿಗೆ ಅಮ್ಮ, “ಇವರು ನಮ್ಮ ಯಜಮಾನರು, ಇವನು ಮಗ, ವಿಮಾನದಲ್ಲಿ ಬಂದಿದ್ದಾನೆ” ಎಂದು ಕೂಗಿ ಹೇಳಿದಳು. ವಿಮಾನ ಎಂಬುದನ್ನು ಎರಡು ಸಲ.

ನಿನ್ನ ವಾಪಸ್ ಟಿಕೆಟ್ಟೂ ಅದೇ ನಾಲ್ಕು ವಿಮಾನದ್ದಿತ್ತು. ಬದಲಾಯಿಸಿದ್ದೇನೆ. ನೇರ, ಒಂಬತ್ತು ಗಂಟೆ, ಒಂದೇ ಸಲ ಏರುವುದು, ಒಂದೇ ಸಲ ಇಳಿಯುವುದು. ಓಡಾಡುವ ದಾರಿಯ ಪಕ್ಕದ ಸೀಟು, ಉಪ್ಪು ಹಾಕಿದ ಊಟ. ವಯಸ್ಸನ್ನು ಮಾತ್ರ ಎಂಬತ್ತೆರಡಾಗಿಯೇ ಬಿಟ್ಟಿದ್ದೇನೆ, ಕುರ್ಚಿ ತರುತ್ತಾರೆ.

ಅಮ್ಮನ ಪರವಾಗಿ ನಾನೊಬ್ಬಳಾದರೂ ನಿಂತೆ, ಅದೇ ಸಮಾಧಾನ ಎಂದು ಬರೆದಿದ್ದೀಯ. ಆ ಸಾಲು ಬೇಡವಾಗಿತ್ತು.

ಮದುವೆಯ ದಿನ ಅಧಿಕಾರಿ ಊಟ ಮುಗಿಸಿ ಬಂದು ಸಹಿ ಹಾಕಿಸಿಕೊಂಡರು. ಟ್ಯಾಕ್ಸಿಯಲ್ಲಿ ಅಮ್ಮ ಮಾಮನಿಗೆ, “ಪಾಪ, ವಿಮಾನ ತಪ್ಪಿರ್ಬೇಕು ಮಗೂಗೆ. ಅಲ್ಲೆಲ್ಲೋ ಒಬ್ಬನೇ ಕೂತಿರ್ತಾನೆ” ಎಂದಳು. ಅವಳ ತಲೆಯಲ್ಲಿ ಇದ್ದದ್ದು ಅಷ್ಟೇ. ನಾನು ಬೆಳಗಿನಿಂದ ನಿನ್ನನ್ನು ಕಾದದ್ದು ಸಾಕ್ಷಿ ಸಹಿ ಹಾಕಲಿಕ್ಕಲ್ಲ. ನೀನು ದೊಡ್ಡವನು, ಬಾಗಿಲಲ್ಲಿ ನಿಂತು “ಇದೆಲ್ಲ ಯಾಕಮ್ಮ, ಬೇಡ” ಅಂದರೆ ಅಮ್ಮ ಕೇಳುತ್ತಾಳೆ, ನನ್ನ ಬಾಯಿಂದ ಬಾರದ್ದನ್ನು ನೀನು ಅನ್ನುತ್ತೀಯ ಎಂದು ಕಾದಿದ್ದೆ. ನೀನು ಬರಲಿಲ್ಲ. ಅದಕ್ಕೇ ಕಿಟಕಿಯ ಕಡೆ ಮುಖ ಮಾಡಿಕೊಂಡು, “ವಿಮಾನ ಗಿಮಾನ ಏನೂ ಅಲ್ಲಮ್ಮ. ಅವನಿಗೆ ಇದು ಇಷ್ಟ ಇಲ್ಲ” ಎಂದೆ.

ಇಷ್ಟ ಇಲ್ಲದಿದ್ದದ್ದು ನನಗೆ. ಹೆಸರು ಮಾತ್ರ ನಿನ್ನದು ಹೇಳಿದೆ.